ಬ್ಯಾಂಜೊ ಕಲಿಯಲು ಹೋಗಿ ಒಂದು ಕಂಪನಿಯ ಕಥೆಗೆ ಸಿಕ್ಕಿಬಿದ್ದದ್ದು

ಬ್ಯಾಂಜೊ ಕೊಂಡೆ ಅಂತ ಅವ್ವನಿಗೆ ಫೋನಿನಲ್ಲಿ ಹೇಳಿದಾಗ ಆಕೆ ಕೇಳಿದ್ದು ಒಂದೇ ಮಾತು: "ಗಣಪ್ಪನ್ನ ಕಳಸೂ ಮುಂದ ಟ್ರ್ಯಾಕ್ಟರ್ ಮ್ಯಾಲೆ ಕುಂತು ಬಾರಸ್ತಾರಲ್ಲ, ಅದಾ?"

ಅದಲ್ಲ. ಗದಗ, ಹುಬ್ಬಳ್ಳಿ ಕಡೆ ನಾವು ಬ್ಯಾಂಜೊ ಅನ್ನುವುದು ಬುಲ್‌ಬುಲ್ ತರಂಗದ ಜಾತಿಯ ವಾದ್ಯಕ್ಕೆ, ಟೈಪ್‌ರೈಟರಿನಂತೆ ಗುಂಡಿ ಒತ್ತುತ್ತ ನುಡಿಸುವಂಥದ್ದು. ನಾನು ಕೊಂಡದ್ದು ಅಮೆರಿಕದ ಐದು ತಂತಿಯ ಬ್ಯಾಂಜೊ. "ಹಲಗಿಗೆ ಉದ್ದನ್ನ ಕಟಗಿ ಹಚ್ಚಿ ಐದು ತಂತಿ ಬಿಗದಂಗ ಇರತೈತಿ" ಅಂದೆ. "ನಲವತ್ತೇಳರಾಗ ಇದೇನ ಹುಚ್ಚು" ಅನ್ನುತ್ತ ಅವ್ವ ಫೋನನ್ನು ತಮ್ಮನ ಕೈಗೆ ಕೊಟ್ಟಳು.

ಹುಚ್ಚು ಹಿಡಿದದ್ದು ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ರಾಲಿ ಪೇಟೆಯಲ್ಲಿ. 2013ರಿಂದ 2024ರವರೆಗೆ ಬ್ಲೂಗ್ರಾಸ್ ಸಂಗೀತದವರ (ಬ್ಯಾಂಜೊ, ಪಿಟೀಲು, ಗಿಟಾರುಗಳ ಅಮೆರಿಕದ ಹಳ್ಳಿಗಾಡಿನ ಸಂಗೀತ ಅದು) ಅಂತರರಾಷ್ಟ್ರೀಯ ಸಂಘ ತನ್ನ ವಾರ್ಷಿಕ ಜಾತ್ರೆಯನ್ನು ಅಲ್ಲಿ ನಡೆಸುತ್ತಿತ್ತು. ರಸ್ತೆ ಬಂದ್ ಮಾಡಿ, ಮೂಲೆಗೊಂದು ವೇದಿಕೆ ಹಾಕುತ್ತಿದ್ದರು. ನಾನು ಹೋದದ್ದು ಆಫೀಸಿನವರ ಜೊತೆ, ಜೋಳದ ತೆನೆ ತಿನ್ನಲಿಕ್ಕೆ. ಒಂದು ವೇದಿಕೆಯ ಮೇಲೆ ಐದು ಜನ, ಒಂದೇ ಮೈಕು. ಹಾಡುವವನು ಮುಂದೆ ಬರುತ್ತಾನೆ, ಸಾಲು ಮುಗಿದೊಡನೆ ಓರೆಯಾಗಿ ಹಿಂದೆ ಸರಿಯುತ್ತಾನೆ, ಆ ಸಂದಿಯಲ್ಲಿ ಬ್ಯಾಂಜೊದವನು ನುಗ್ಗುತ್ತಾನೆ. ಪಿಟೀಲಿನ ಕಮಾನು ಯಾರ ಕಣ್ಣಿಗೂ ಚುಚ್ಚುವುದಿಲ್ಲ. ಬ್ಯಾಂಜೊದವನು ಸೆಕೆಂಡಿಗೆ ಹತ್ತರ ಆಸುಪಾಸಿನಲ್ಲಿ ಸ್ವರ ಉದುರಿಸುತ್ತಿದ್ದ, ಮುಖದಲ್ಲಿ ಮಾತ್ರ ಬಸ್ಸಿಗೆ ಕಾಯುವವನ ನಿರ್ಲಿಪ್ತತೆ. ಆ ಮುಖ ನೋಡಿಯೇ ನಾನು ಕೆಟ್ಟೆ. ಅವನು ನುಡಿಸಿದ್ದು 'ಫಾಗಿ ಮೌಂಟನ್ ಬ್ರೇಕ್‌ಡೌನ್'. ಇದೊಂದನ್ನು ಕಲಿತರೆ ಸಾಕು, ಬೇರೇನೂ ಬೇಡ ಅಂದುಕೊಂಡೆ.

ಸೆಕೆಂಡ್ ಹ್ಯಾಂಡ್ ಸಾಮಾನಿನ ಅಂಗಡಿಯೊಂದರಲ್ಲಿ ಬ್ಯಾಂಜೊ ಸಿಕ್ಕಿತು. "ಈಗಲೇ ನುಡಿಸಬಹುದು, ಎಲ್ಲಾ ಸರಿ ಇದೆ" ಅಂದರು. ಏನೂ ಸರಿ ಇರಲಿಲ್ಲ. ಮೇಲೆ ಬಿಗಿದ ಪದರ ಮಳೆಗಾಲದ ಹಲಗೆ ವಾದ್ಯದಂತೆ ಸಡಿಲ, ತಂತಿಗಳನ್ನು ಎತ್ತಿ ಹಿಡಿಯುವ ಕುದುರೆ ಎಲ್ಲಿ ಇರಬೇಕೋ ಅಲ್ಲಿಲ್ಲ. ಬ್ಯಾಂಜೊದಲ್ಲಿ ಕುದುರೆಯನ್ನು ಅಂಟಿಸಿರುವುದಿಲ್ಲ, ತಂತಿಯ ಒತ್ತಡಕ್ಕೆ ಮಾತ್ರ ನಿಂತಿರುತ್ತದೆ. ಅರ್ಧ ಬೆರಳು ಜರುಗಿದರೂ ಮೇಲಿನ ಮೆಟ್ಟಿಲುಗಳೆಲ್ಲ (ಕುತ್ತಿಗೆಯ ಮೇಲೆ ತಂತಿ ಒತ್ತುವ ಅಡ್ಡಪಟ್ಟಿಗಳು) ಬೇಸುರ. ಒಂದು ತಿಂಗಳು ನನ್ನ ಕಿವಿಯೇ ಕೆಟ್ಟಿದೆ ಅಂದುಕೊಂಡಿದ್ದೆ.

ಅದನ್ನು ಸರಿಮಾಡಿದವರೇ ನನ್ನ ಗುರುಗಳಾದರು. ರಾಲಿಯಿಂದ ಪಶ್ಚಿಮಕ್ಕೆ ಒಂದು ತಾಸಿನ ದಾರಿ, ಮೂವತ್ತು ವರ್ಷ ಕಾಲುಚೀಲದ ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು, ಗ್ಯಾರೇಜಿನಲ್ಲಿ ಪಾಠ. ಇಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯಬೇಕು. ಎಪ್ಪತ್ತಾರು ವರ್ಷದವರನ್ನು ಹಾಗೆ ಕರೆಯಲು ನನಗೆ ಬಾಯಿ ಬರಲಿಲ್ಲ. ಮನಸ್ಸಿನಲ್ಲಿ ಮಾಸ್ತರು ಅಂತ ಇಟ್ಟುಕೊಂಡೆ. ಹನ್ನೆರಡನೆಯ ಮೆಟ್ಟಿಲ ಮೇಲೆ ಬೆರಳು ಹಗುರವಾಗಿ ತಾಗಿಸಿ ಮೀಟಿ, ಅದೇ ಮೆಟ್ಟಿಲಲ್ಲಿ ಒತ್ತಿ ಮೀಟಿ, ಎರಡೂ ಒಂದೇ ಸ್ವರವಾಗುವವರೆಗೆ ಕುದುರೆಯನ್ನು ಕೂದಲೆಳೆಯಷ್ಟು ತಳ್ಳುತ್ತ ಹೋದರು. ಆಮೇಲೆ ಪೆನ್ಸಿಲಿನಿಂದ ಅದರ ಪಾದದ ಗುರುತು ಹಾಕಿದರು. ಆ ಗೆರೆಗಳು ಇವತ್ತಿಗೂ ಇವೆ.

ಹೆಬ್ಬೆರಳಿಗೆ ಪ್ಲಾಸ್ಟಿಕ್ ಉಗುರು, ತೋರುಬೆರಳಿಗೂ ನಡುಬೆರಳಿಗೂ ತಗಡಿನ ಉಗುರು. ಮೊದಲ ವಾರ ಬೆರಳ ತುದಿಗಳು ನೀಲಿಗಟ್ಟಿದವು. ಐದನೆಯ ತಂತಿ ಗಿಡ್ಡ, ಅದರ ಬಿರಡೆ ಕುತ್ತಿಗೆಯ ನಡುವೆ. ವೀಣೆಯ ತಾಳದ ತಂತಿಯ ಹಾಗೆ ಅದನ್ನು ಸಾಮಾನ್ಯವಾಗಿ ಒತ್ತುವುದಿಲ್ಲ, ಬಿಡಿಯಾಗಿ ಮೀಟುವುದಷ್ಟೇ. ಜಿ ಶ್ರುತಿಗೆ ಕೂಡಿಸಿದಾಗ ಅದು ಸದಾ ಮೇಲಿನ ಷಡ್ಜ. ಉಳಿದ ನಾಲ್ಕು ಏನೇ ಮಾಡಲಿ, ಇದು ನಡುನಡುವೆ ಮಿನುಗುತ್ತಲೇ ಇರುತ್ತದೆ.

ಆರು ತಿಂಗಳು ಮಾಸ್ತರು ಹಾಡು ಕೊಡಲಿಲ್ಲ. ಬರೀ ರೋಲು. ರೋಲು ಅಂದರೆ ಬಲಗೈ ಬೆರಳುಗಳು ತಂತಿಗಳ ಮೇಲೆ ಸುತ್ತುವ ಕ್ರಮ: ಹೆಬ್ಬೆರಳು, ತೋರು, ನಡು, ಮತ್ತೆ ಹೆಬ್ಬೆರಳು. ಬೆರಳು ಮೂರು, ತುಂಬಬೇಕಾದ ಏಟು ಎಂಟು. ಲೆಕ್ಕ ಕೂಡುವುದಿಲ್ಲ. ನಾನು ಒಂದು, ಎರಡು, ಮೂರು ಅಂತ ಎಣಿಸುತ್ತ ಪ್ರತಿ ಸಲ ಏಳಕ್ಕೆ ಎಡವುತ್ತಿದ್ದೆ. ಹೆಂಡತಿ ಅಡುಗೆಮನೆಯಿಂದ, "ತಗಡಿನ ಮ್ಯಾಲೆ ಆಣಿಕಲ್ಲು ಬಿದ್ದಂಗ ಕೇಳಸಾಕತ್ತೈತಿ, ಬಾಗಿಲಾ ಹಾಕ್ಕೋರಿ" ಅನ್ನುವಳು. ಕೊನೆಗೆ ಬಿಡಿಸಿದ್ದು ಮಗಳು. ಆಕೆ ಶನಿವಾರ ಮೃದಂಗದ ಕ್ಲಾಸಿಗೆ ಹೋಗುತ್ತಾಳೆ. ಹಾದುಹೋಗುವಾಗ ನಿಂತು ಕೇಳಿ, "ಪಪ್ಪಾ, ಅದು ತಕಿಟ ತಕಿಟ ತಕ ಅಷ್ಟೇ" ಅಂದು ಹೋಗಿಬಿಟ್ಟಳು. ಮೂರು, ಮೂರು, ಎರಡು. ಅವತ್ತು ರಾತ್ರಿಯೇ ಕೈ ಕೂತಿತು. ಮಾಸ್ತರಿಗೆ ಹೇಳಿದೆ. ಅವರು ಆ ಮೂರು ಶಬ್ದಗಳನ್ನು ಬಾಯಲ್ಲಿ ಹೊರಳಿಸಿ ನೋಡಿ, ತಲೆಯಾಡಿಸಿ, "ಅರ್ಲ್ ಕೂಡ ಹಾಗೇ ಬಿದ್ದು ಎದ್ದವನು" ಅಂದರು.

ಅರ್ಲ್ ಅಂದರೆ ಅರ್ಲ್ ಸ್ಕ್ರಗ್ಸ್. 1924ರಲ್ಲಿ ಇದೇ ರಾಜ್ಯದ ಶೆಲ್ಬಿ ಪಟ್ಟಣದ ಹತ್ತಿರ ಫ್ಲಿಂಟ್ ಹಿಲ್ ಎಂಬಲ್ಲಿ ಹುಟ್ಟಿದವನು. ನಾಲ್ಕನೆಯ ವಯಸ್ಸಿಗೆ ತಂದೆ ಹೋದ. ಹತ್ತರ ಸುಮಾರಿಗೆ ಅಣ್ಣ ಹೊರೇಸನ ಜೊತೆ ಜಗಳವಾಡಿ, ಮುಖ ಊದಿಸಿಕೊಂಡು ಒಳಕೋಣೆಯಲ್ಲಿ ಕೂತು ಬ್ಯಾಂಜೊ ಮೀಟುತ್ತಿದ್ದಾಗ, ತಾನು ಮೂರು ಬೆರಳಲ್ಲಿ ನುಡಿಸುತ್ತಿದ್ದೇನೆ ಅಂತ ಅವನಿಗೆ ತಟ್ಟನೆ ಹೊಳೆಯಿತಂತೆ. ಮೂರು ಬೆರಳಿನ ನುಡಿತ ಆ ಸೀಮೆಯಲ್ಲಿ ಮೊದಲೇ ಇತ್ತು; ಅದನ್ನು ತಡೆಯಿಲ್ಲದ ಧಾರೆ ಮಾಡಿದವನು ಇವನು. ಎರಡನೇ ಮಹಾಯುದ್ಧದ ಕಾಲದಲ್ಲಿ ಶೆಲ್ಬಿಯ ದಾರದ ಮಿಲ್ಲಿನಲ್ಲಿ ಕೂಲಿ. ಮಾಸ್ತರಿಗೆ ಅವನ ಮೇಲೆ ಅಷ್ಟು ಪ್ರೀತಿ ಯಾಕೆ ಅಂತ ನನಗೆ ಅಲ್ಲಿ ತಿಳಿಯಿತು.

ಅಭ್ಯಾಸ ಮಾಡದೆ ಹೋದ ದಿನ ಪಾಠ ಕಡಿಮೆ, ಕಥೆ ಜಾಸ್ತಿ. ನಾನು ಅಭ್ಯಾಸ ತಪ್ಪಿಸಿದ್ದು ಬಹಳ ಸಲವಾದ್ದರಿಂದ ಅರ್ಲ್ ಇದ್ದ ಬ್ಯಾಂಡಿನ ಕಥೆ ನನಗೆ ಪೂರ್ತಿಯಾಗಿ ಸಿಕ್ಕಿತು. ಕೇಳುತ್ತ ಹೋದಂತೆ ಇದು ನಾನು ಎಲ್ಲೋ ಕೇಳಿದ ಕಥೆ ಅನ್ನಿಸತೊಡಗಿತು. ನಮ್ಮ ಕಾಕಾ ಒಂದು ನಾಟಕ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದ. ಬನಶಂಕರಿ ಜಾತ್ರೆಯಲ್ಲಿ ಸಾಲಾಗಿ ಥೇಟರು ಹಾಕಿ, ಕಲೆಕ್ಷನ್ ಇರುವತನಕ ಇದ್ದು, ಇಳಿದ ಕೂಡಲೇ ಕ್ಯಾಂಪ್ ಎತ್ತುವ ಜನ. ಹೀರೋ ಪಾರ್ಟಿನವನು ಮಾಲಕರ ಜೊತೆ ಮುನಿಸಿಕೊಂಡು, ಹಾರ್ಮೋನಿಯಂ ಮಾಸ್ತರನ್ನೂ ಕರೆದುಕೊಂಡು ಹೋಗಿ ತನ್ನದೇ ಕಂಪನಿ ಕಟ್ಟಿದ ಕಥೆಗಳನ್ನು ಕಾಕಾ ಊಟಕ್ಕೆ ಕೂತಾಗೆಲ್ಲ ಹೇಳುತ್ತಿದ್ದ.

ಇಲ್ಲಿ ಮಾಲಕ ಬಿಲ್ ಮನ್ರೋ. ಕೆಂಟಕಿಯ ರೋಸಿನ್ ಎಂಬ ಊರಿನವನು, ಮ್ಯಾಂಡೊಲಿನ್ ನುಡಿಸುವವನು. ಅಣ್ಣ ಚಾರ್ಲಿಯ ಜೊತೆಗಿನ ಜೋಡಿ 1938ರಲ್ಲಿ ಮುರಿದ ಮೇಲೆ ತನ್ನ ತಂಡ ಕಟ್ಟಿದ, ತನ್ನ ರಾಜ್ಯದ ಅಡ್ಡಹೆಸರಿನಿಂದ ಅದಕ್ಕೆ 'ಬ್ಲೂ ಗ್ರಾಸ್ ಬಾಯ್ಸ್' ಅಂತ ಹೆಸರಿಟ್ಟ. ಒಂದು ಸಂಗೀತ ಪ್ರಕಾರಕ್ಕೇ ಆಮೇಲೆ ಆ ಹೆಸರು ಬಿತ್ತು. 1939ರ ಅಕ್ಟೋಬರಿನಲ್ಲಿ ನ್ಯಾಶ್ವಿಲ್ಲಿನ 'ಗ್ರ್ಯಾಂಡ್ ಓಲ್ ಓಪ್ರಿ' ರೇಡಿಯೊ ಕಾರ್ಯಕ್ರಮಕ್ಕೆ ಸೇರಿದ. ಅಲ್ಲಿನ ಶನಿವಾರದ ಆಟ ಬಿಟ್ಟರೆ ಉಳಿದ ದಿನ ಊರೂರು ಸುತ್ತಾಟ. 1940ರ ದಶಕದಲ್ಲಿ ಅವನು ಸ್ವಂತ ಡೇರೆ ಇಟ್ಟುಕೊಂಡು ತಿರುಗುತ್ತಿದ್ದ. ಜೊತೆಗೆ ಬೇಸ್‌ಬಾಲ್ ಟೀಮು. ಹಗಲು ಊರಿನ ಹುಡುಗರ ಮೇಲೆ ಪಂದ್ಯ, ಸಂಜೆ ಡೇರೆಯಲ್ಲಿ ಹಾಡು. ವಾದ್ಯ ನುಡಿಸುವವರೂ ಬ್ಯಾಟು ಹಿಡಿಯಬೇಕು. ಇದನ್ನು ಕಾಕಾನಿಗೆ ಹೇಳಿದಾಗ, "ನಮ್ಮ ಮಾಲಕಗ ಇದು ಹೊಳೀಲಿಲ್ಲ ನೋಡು" ಅಂತ ಬಹಳ ಹೊತ್ತು ನಕ್ಕ.

ಈ ಕಂಪನಿಗೆ 1945ರಲ್ಲಿ ಗಿಟಾರ್ ಹಿಡಿದು ಹಾಡುವ ಲೆಸ್ಟರ್ ಫ್ಲ್ಯಾಟ್ ಬಂದ. ಟೆನೆಸಿಯವನು, ಅವನೂ ಮೊದಲು ಮಿಲ್ಲಿನ ಕೂಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಸ್ಕ್ರಗ್ಸ್. ಪಿಟೀಲಿಗೆ ಚಬ್ಬಿ ವೈಸ್, ದಪ್ಪ ದನಿಯ ಬೇಸ್ ವಾದ್ಯಕ್ಕೆ ಹೊವರ್ಡ್ ವಾಟ್ಸ್. 1946ರ ಸೆಪ್ಟೆಂಬರಿನಲ್ಲಿ ಶಿಕಾಗೊದಲ್ಲಿ ಈ ಐವರು ಮಾಡಿದ ರೆಕಾರ್ಡಿಂಗುಗಳು ಇಂದಿಗೂ ಈ ಸಂಗೀತದ ವ್ಯಾಕರಣ. ಆದರೆ ಸಂಬಳದವರಿಗೆ ವ್ಯಾಕರಣದಿಂದ ಹೊಟ್ಟೆ ತುಂಬುತ್ತದೆಯೇ? ರಾತ್ರಿಯೆಲ್ಲ ಕಾರಿನಲ್ಲಿ ಕೂತು ಸವೆದು, 1948ರ ಆರಂಭದಲ್ಲಿ ಸ್ಕ್ರಗ್ಸ್ ಬಿಟ್ಟ, ಹಿಂದೆಯೇ ಫ್ಲ್ಯಾಟ್, ಆಮೇಲೆ ಬೇಸಿನ ವಾಟ್ಸ್. ಮೂವರೂ ಮೊದಲೇ ಮಾತಾಡಿಕೊಂಡು ಕೈಕೊಟ್ಟರು ಅಂತ ಮನ್ರೋ ನಂಬಿದ. ಇಪ್ಪತ್ತು ವರ್ಷಕ್ಕೂ ಹೆಚ್ಚು ಅವರ ಜೊತೆ ಮಾತು ಬಿಟ್ಟ.

ಫ್ಲ್ಯಾಟ್, ಸ್ಕ್ರಗ್ಸ್ ಕಟ್ಟಿದ ಹೊಸ ಕಂಪನಿಯ ಹೆಸರು 'ಫಾಗಿ ಮೌಂಟನ್ ಬಾಯ್ಸ್', ಕಾರ್ಟರ್ ಮನೆತನ ಎಂಬ ಹಾಡುಗಾರ ಕುಟುಂಬದ ಒಂದು ಹಾಡಿನಿಂದ ಎತ್ತಿಕೊಂಡದ್ದು. ಇಲ್ಲಿಂದ ಅವರ ಬಾಳು ಅಕ್ಷರಶಃ ಕ್ಯಾಂಪಿನಿಂದ ಕ್ಯಾಂಪಿಗೆ. ವರ್ಜೀನಿಯಾದ ಡ್ಯಾನ್‌ವಿಲ್, ಅಲ್ಲಿಂದ ಹಿಕರಿ, ಅಲ್ಲಿಂದ ಬ್ರಿಸ್ಟಲ್. ಇದರ ಲೆಕ್ಕವನ್ನು ಮಾಸ್ತರು ಗ್ಯಾರೇಜಿನ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸಿದರು. ನಡುವೆ ಒಂದು ಚುಕ್ಕಿ, ಅದು ರೇಡಿಯೊ ಸ್ಟೇಶನ್. ಸುತ್ತ ಒಂದು ವೃತ್ತ, ಅದು ಅಲೆ ಮುಟ್ಟುವಷ್ಟು ದೂರ. ರೇಡಿಯೊದವರು ಕೊಡುವ ದುಡ್ಡು ಅಷ್ಟಕ್ಕಷ್ಟೇ. ಆದರೆ ದಿನಾ ಹಾಡುತ್ತ, "ಇಂದು ಸಂಜೆ ಇಂಥ ಊರಿನ ಸಾಲೆಯಲ್ಲಿ ಇದ್ದೇವೆ, ಬನ್ನಿ" ಅಂತ ಹೇಳಬಹುದು. ಸಂಜೆ ಸಾಲೆಯ ಬಾಗಿಲಲ್ಲಿ ಟಿಕೆಟ್ಟು, ಹಾಡಿನ ಪುಸ್ತಕ ಮಾರಾಟ, ಹೊಟ್ಟೆಪಾಡು ಅದರಿಂದ. ವೃತ್ತದೊಳಗಿನ ಸಾಲೆಗಳನ್ನೆಲ್ಲ ಎರಡೆರಡು ಸಲ ಸುತ್ತಿ ಬಂದ ಮೇಲೆ ಜನ ಸಾಕೆನ್ನುತ್ತಾರೆ. ಆಗ ಬೇರೆ ಚುಕ್ಕಿ, ಬೇರೆ ವೃತ್ತ. ಮಾಸ್ತರು ಒಂದಕ್ಕೊಂದು ತಾಗದಂತೆ ಐದಾರು ವೃತ್ತ ಬರೆದರು. ಸುಣ್ಣದ ಆ ವೃತ್ತಗಳ ಮೇಲೆ ಕಾಲಿಡದೆ ನಾನು ಅವತ್ತು ಸುತ್ತುಹಾಕಿ ಹೊರಬಂದೆ.

ಈ ಅಲೆದಾಟದ ನಡುವೆಯೇ, 1949ರ ಡಿಸೆಂಬರಿನಲ್ಲಿ, ಸಿನ್ಸಿನಾಟಿಯ ಸ್ಟುಡಿಯೊದಲ್ಲಿ ಆ 'ಬ್ರೇಕ್‌ಡೌನ್' ಧ್ವನಿಮುದ್ರಣವಾಯಿತು. ಎರಡೂವರೆ ನಿಮಿಷಕ್ಕಿಂತ ಒಂಚೂರು ಹೆಚ್ಚು, ಅಷ್ಟೇ.

ಒಂದು ವರ್ಷದ ಹೊತ್ತಿಗೆ ನನಗೆ ಸ್ವರಗಳೆಲ್ಲ ಬಂದಿದ್ದವು, ಲಯ ಬಂದಿರಲಿಲ್ಲ. ಸುಲಭದ ಜಾಗ ಬಂದರೆ ಓಡುತ್ತೇನೆ, ಕಷ್ಟದ್ದು ಬಂದರೆ ಎಳೆಯುತ್ತೇನೆ. ಟಿಕ್‌ಟಿಕ್ ಅಂತ ಲಯ ಹೇಳುವ ಮೆಟ್ರೊನೋಮ್ ಇಟ್ಟರೆ ಅದರ ಮೇಲೆಯೇ ಸಿಟ್ಟು. ಆಗ ಮಾಸ್ತರು ಸ್ಕ್ರಗ್ಸ್ ಅಣ್ಣತಮ್ಮಂದಿರ ಉಪಾಯ ಹೇಳಿದರು: ಇಬ್ಬರೂ ಮನೆಯ ಮುಂದೆ ಬೆನ್ನಿಗೆ ಬೆನ್ನು ಹಚ್ಚಿ ನಿಂತು, ಒಟ್ಟಿಗೆ ಹಾಡು ಶುರುಮಾಡಿ, ಒಬ್ಬ ಎಡಕ್ಕೆ ಒಬ್ಬ ಬಲಕ್ಕೆ ಮನೆ ಸುತ್ತಿ ನಡೆಯುವುದು. ಹಿತ್ತಲಲ್ಲಿ ಎದುರಾದಾಗ ಇಬ್ಬರೂ ಹಾಡಿನ ಒಂದೇ ಜಾಗದಲ್ಲಿ ಇದ್ದಾರೆಯೇ ನೋಡುವುದು.

ನಾನು ಮಗಳನ್ನು ಪೀಡಿಸಿದೆ. ಮೃದಂಗ ಹೊತ್ತು ನಡೆಯಲಾಗದು, ಆಕೆ ಬಾಯಲ್ಲಿ ಕೊನ್ನಕ್ಕೋಲ್ ಹೇಳುವುದು, ನಾನು ಕೊರಳಿಗೆ ಬ್ಯಾಂಜೊ ಹಾಕಿಕೊಂಡು ರೋಲು ನುಡಿಸುವುದು ಅಂತ ಒಪ್ಪಂದ. ಭಾನುವಾರ ಬೆಳಿಗ್ಗೆ ಗ್ಯಾರೇಜಿನ ಮುಂದೆ ಬೆನ್ನಿಗೆ ಬೆನ್ನು ಹಚ್ಚಿ ನಿಂತೆವು. ಆಕೆ ತಕಿಟ ತಕಿಟ ತಕ ಅನ್ನುತ್ತ ಎಡಕ್ಕೆ ಹೋದಳು. ನಾನು ಬಲಕ್ಕೆ ಹೊರಟೆ. ಎಸಿ ಯಂತ್ರದ ಪಕ್ಕ ದಾಟುವಾಗ ಅದರ ಗುಂಯ್‌ ಸದ್ದಿನಲ್ಲಿ ನನ್ನ ವಾದ್ಯ ನನಗೇ ಕೇಳಲಿಲ್ಲ, ಬೆರಳನ್ನು ನಂಬಿ ನಡೆದೆ. ಹಿತ್ತಲಲ್ಲಿ ಎದುರಾದಾಗ ಆಕೆ ಎರಡನೆಯ ತಕಿಟದಲ್ಲಿದ್ದಳು, ನಾನು ಕೊನೆಯ ತಕದಲ್ಲಿ. ಮುಂದಕ್ಕೆ ಓಡಿದ್ದೆ. ಆಕೆ ಬಾಯಿ ನಿಲ್ಲಿಸದೆ, ಕಣ್ಣಲ್ಲೇ ಬೈದು, ನನ್ನ ಪಕ್ಕದಿಂದ ದಾಟಿಹೋದಳು. ಪಕ್ಕದ ಮನೆಯವರು ನಾಯಿ ಹಿಡಿದುಕೊಂಡು ನಿಂತು ನೋಡುತ್ತಿದ್ದರು. ಮೂರನೆಯ ಸುತ್ತಿಗೆ ನಾಯಿಯೂ ಕೂತುಕೊಂಡಿತು. ಏಳನೆಯ ಸುತ್ತಿಗೆ ಇಬ್ಬರೂ ಒಂದೇ 'ತ'ಕ್ಕೆ ಎದುರಾದೆವು. ಮುಂದಿನ ವಾರವೂ ಮಾಡೋಣವೇ ಅಂದರೆ ಆಕೆಗೆ ಓದು ಇತ್ತಂತೆ.

ಆ ಬೇಸಿಗೆಯಲ್ಲಿ ಶೆಲ್ಬಿಗೆ ಹೋಗಿಬಂದೆವು. ಹಳೆಯ ಕೋರ್ಟು ಕಟ್ಟಡವನ್ನು 2014ರಲ್ಲಿ ಅರ್ಲ್ ಸ್ಕ್ರಗ್ಸ್ ಕೇಂದ್ರವಾಗಿ ಮಾಡಿದ್ದಾರೆ. ಹೋಟೆಲಿನವಳು ಈ ಊರಿಗೆ ಬಂದು ಲಿವರ್‌ಮಷ್ ತಿನ್ನದೆ ಹೋಗಬಾರದು ಅಂದಳು. ಹಂದಿಯ ಈಲಿ ಮತ್ತು ಮೆಕ್ಕೆಜೋಳದ ಹಿಟ್ಟಿನದು ಅಂತ ಕೇಳಿ ತಿಳಿದು, ನಾವು ಕೈಮುಗಿದು ಆಲೂಗಡ್ಡೆ ತಿಂದೆವು. ಮಾಸ್ತರು ಹೇಳದೆ ಬಿಟ್ಟ ಒಂದು ಸಂಗತಿ ನನಗೆ ಈ ಓಡಾಟದಲ್ಲಿ ನಾಟಿತು. ಬ್ಯಾಂಜೊ ಬಿಳಿಯರ ಬೆಟ್ಟದ ವಾದ್ಯವಾಗುವ ಮೊದಲು ಆಫ್ರಿಕಾದಿಂದ ಗುಲಾಮರಾಗಿ ಬಂದವರ ಸೋರೆಬುರುಡೆಯ ವಾದ್ಯ. ಮನ್ರೋ ಕೂಡ ಹುಡುಗನಾಗಿದ್ದಾಗ ಆರ್ನಾಲ್ಡ್ ಷುಲ್ಟ್ಸ್ ಎಂಬ ಕರಿಯ ಗಿಟಾರ್‌ವಾದಕನ ಜೊತೆ ಊರ ಕುಣಿತಗಳಿಗೆ ನುಡಿಸಿದವನು. ನಾನು ನೋಡಿದ್ದ ಬ್ಲೂಗ್ರಾಸ್ ಪೋಸ್ಟರುಗಳಲ್ಲಿ ಇದರ ಸುಳಿವೇ ಇರಲಿಲ್ಲ.

ಕಂಪನಿಯ ಅದೃಷ್ಟ ತಿರುಗಿಸಿದ್ದು ಹಿಟ್ಟು. 1953ರಲ್ಲಿ ಮಾರ್ಥಾ ವೈಟ್ ಎಂಬ ಹಿಟ್ಟಿನ ಕಂಪನಿ ನ್ಯಾಶ್ವಿಲ್ಲಿನ ಡಬ್ಲ್ಯುಎಸ್‌ಎಂ ರೇಡಿಯೊದಲ್ಲಿ ಅವರಿಗೆ ಬೆಳಗಿನ ಕಾರ್ಯಕ್ರಮ ಕೊಡಿಸಿತು. ಬೆಳಿಗ್ಗೆ ಅಂದರೆ 5:45. ಹೆಂಗಸರು ಬಿಸ್ಕಿಟ್ಟಿಗೆ ಹಿಟ್ಟು ಕಲಸುವ ಹೊತ್ತು (ಇಲ್ಲಿನ ಬಿಸ್ಕಿಟ್ಟು ಅಂದರೆ ಬಿಸಿಬಿಸಿ ಉಬ್ಬಿದ ಬನ್ನಿನಂಥದ್ದು). ಓಪ್ರಿಗೆ ಇವರು ಬರಬಾರದು ಅಂತ ಮನ್ರೋ ಅಡ್ಡ ನಿಂತ. ಹಿಟ್ಟಿನವರು ಇವರ ಬೆನ್ನಿಗೆ ನಿಂತರು. 1955ರಲ್ಲಿ ಓಪ್ರಿಯ ಸದಸ್ಯರಾದರು. 1962ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಕಛೇರಿಯಾದಾಗ ಸಭಿಕರು ಆ ಹಿಟ್ಟಿನ ಜಾಹೀರಾತಿನ ಹಾಡು ಬೇಕು ಅಂತ ಕೂಗಿದರು, ಇವರು ಹಾಡಿದರು. ಅದರ ರೆಕಾರ್ಡನ್ನು ಮಾಸ್ತರು ನನಗೆ ಕೇಳಿಸಿದರು. ಮಿಲ್ಲಿನ ಇಬ್ಬರು ಕೂಲಿಗಳು ಅಂಥ ಹಾಲಿನಲ್ಲಿ ನಿಂತು, ಅಳುಕಿಲ್ಲದೆ ಹಿಟ್ಟಿನ ಹಾಡು ಹಾಡುವುದನ್ನು ಕೇಳಿ ನನಗೆ ಯಾಕೋ ಗಂಟಲು ಕಟ್ಟಿತು.

ಕಾರ್ನೆಗಿ ಹಾಲಿನ ತನಕ ಅವರನ್ನು ತಲುಪಿಸಿದ್ದು ಸ್ಕ್ರಗ್ಸನ ಹೆಂಡತಿ ಲೂಯೀಸ್. 1950ರ ದಶಕದ ಮಧ್ಯದಿಂದ ಕಾರ್ಯಕ್ರಮಗಳ ತಾರೀಖು, ಕರಾರು, ಲೆಕ್ಕ ಎಲ್ಲ ಆಕೆಯ ಕೈಯಲ್ಲಿ. ಆ ಕಾಲದ ಆ ದಂಧೆಯಲ್ಲಿ ಹೆಂಗಸರು ಇರಲೇ ಇಲ್ಲ ಅನ್ನಬೇಕು. ಹಳ್ಳಿಯ ಸಾಲೆಗಳು ಕೈಬಿಡುತ್ತಿದ್ದಾಗ ಕಾಲೇಜು ಹುಡುಗರು ಜಾನಪದ ಸಂಗೀತಕ್ಕೆ ಮುಗಿಬೀಳುತ್ತಿದ್ದಾರೆ ಅಂತ ಗುರುತಿಸಿ ತಂಡವನ್ನು ಆ ಕಡೆ ತಿರುಗಿಸಿದವಳು ಆಕೆ. 'ಬೆವರ್ಲಿ ಹಿಲ್‌ಬಿಲ್ಲೀಸ್' ಟಿವಿ ಧಾರಾವಾಹಿಯವರು ಶೀರ್ಷಿಕೆ ಗೀತೆಗೆ ಕೇಳಿದಾಗ, ಹಳ್ಳಿಯವರನ್ನು ಗೇಲಿ ಮಾಡುತ್ತಾರೆ ಅಂತ ಮೊದಲು ಬೇಡ ಅಂದವಳೂ ಆಕೆಯೇ. ಮೊದಲ ಕಂತು ತೋರಿಸಿದ ಮೇಲೆ ಒಪ್ಪಿದಳು. ಫ್ಲ್ಯಾಟ್ ಹಾಡಿದ ಅದರ ರೆಕಾರ್ಡು 1963ರ ಜನವರಿಯಲ್ಲಿ ಕಂಟ್ರಿ ಪಟ್ಟಿಯಲ್ಲಿ ಒಂದನೆಯ ಸ್ಥಾನಕ್ಕೇರಿತು. ಬ್ಲೂಗ್ರಾಸ್ ಹಾಡೊಂದಕ್ಕೆ ಅದೇ ಮೊದಲು.

1967ರಲ್ಲಿ 'ಬಾನಿ ಆಂಡ್ ಕ್ಲೈಡ್' ಸಿನಿಮಾದ ಕಾರು ಓಟಗಳಿಗೆ ಹಳೆಯ 'ಬ್ರೇಕ್‌ಡೌನ್' ರೆಕಾರ್ಡನ್ನೇ ಬಳಸಿದರು. ಕಥೆ 1930ರ ದಶಕದ್ದು, ಸಂಗೀತ 1949ರದ್ದು. ಯಾರೂ ತಕರಾರು ಮಾಡಲಿಲ್ಲ. ಹೆಸರು ಶಿಖರದಲ್ಲಿದ್ದ ಹೊತ್ತಿನಲ್ಲೇ ಒಳಗೆ ಬಿರುಕು. ರೆಕಾರ್ಡ್ ಕಂಪನಿ ಬಾಬ್ ಡಿಲನ್‌ನ ಹಾಡುಗಳನ್ನು ಹಾಡಿಸುತ್ತಿತ್ತು, ಫ್ಲ್ಯಾಟ್‌ಗೆ ಅವು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬೆಳೆದ ಗಂಡುಮಕ್ಕಳ ಜೊತೆ ಹೊಸದು ನುಡಿಸುವ ಆಸೆ ಸ್ಕ್ರಗ್ಸನಿಗೆ. 1969ರ ಆರಂಭದಲ್ಲಿ, ಇಪ್ಪತ್ತೊಂದು ವರ್ಷದ ಕಂಪನಿ ಮುಚ್ಚಿತು. ಇಬ್ಬರೂ ಮಾತು ಬಿಟ್ಟರು. ವಿಚಿತ್ರ ನೋಡಿ, 1971ರಲ್ಲಿ ಫ್ಲ್ಯಾಟ್ ಹಳೆಯ ಮಾಲಕ ಮನ್ರೋ ಜೊತೆ ಮತ್ತೆ ವೇದಿಕೆ ಏರಿದ. ಸ್ಕ್ರಗ್ಸ್ ಜೊತೆ ಮಾತ್ರ ಇಲ್ಲ. ಹತ್ತು ವರ್ಷದ ಮೇಲೆ, 1979ರಲ್ಲಿ, ಫ್ಲ್ಯಾಟ್ ಆಸ್ಪತ್ರೆಯಲ್ಲಿದ್ದಾಗ ಸ್ಕ್ರಗ್ಸ್ ಹೇಳದೆ ಕೇಳದೆ ಹೋಗಿ ಕಂಡು ಬಂದ. ಆ ಮೇ ತಿಂಗಳಲ್ಲಿ ಫ್ಲ್ಯಾಟ್ ತೀರಿಕೊಂಡ. ಈ ಭಾಗವನ್ನು ಹೇಳುವಾಗ ಮಾಸ್ತರು ಬ್ಯಾಂಜೊವನ್ನು ಪೆಟ್ಟಿಗೆಯಲ್ಲಿಟ್ಟು ಕೊಂಡಿ ಹಾಕಿದ್ದರು.

ಎರಡು ವರ್ಷ ಎರಡು ತಿಂಗಳಿಗೆ ಮಾಸ್ತರು ನನ್ನನ್ನು ಜ್ಯಾಮಿಗೆ, ಅಂದರೆ ಎಲ್ಲರೂ ಕೂಡಿ ನುಡಿಸುವ ಕೂಟಕ್ಕೆ, ಕರೆದುಕೊಂಡು ಹೋದರು. ಗುರುವಾರ ರಾತ್ರಿ, ಬಾಗಿಲು ಹಾಕಿದ ಬಾರ್ಬರ್ ಅಂಗಡಿ, ಹನ್ನೊಂದು ಕುರ್ಚಿ ಸುತ್ತಾಗಿ. ಇಲ್ಲಿ ಕಾಗದ ನೋಡಿ ನುಡಿಸುವಂತಿಲ್ಲ. ಹಾಡು ಶುರುಮಾಡಿದವನು ಶ್ರುತಿ ಹೇಳುತ್ತಾನೆ, ತಲೆಯಾಡಿಸಿ ಒಬ್ಬೊಬ್ಬರಿಗೆ ಸರದಿ ಕೊಡುತ್ತಾನೆ. ಅವನು ಒಂದು ಕಾಲು ಎತ್ತಿದರೆ ಇದು ಕೊನೆಯ ಸುತ್ತು. ಸರದಿ ಬೇಡವಾದರೆ ಕಣ್ಣು ತಪ್ಪಿಸಬೇಕು. ನಾನು ಮೊದಲ ಒಂದು ಗಂಟೆ ನೆಲವನ್ನೇ ನೋಡಿದೆ.

ಆಮೇಲೆ ಮಾಸ್ತರು "ಜಿಯಲ್ಲಿ, 'ಫಾಗಿ ಮೌಂಟನ್'" ಅಂದು ನನ್ನ ಕಡೆ ನೋಡಿ, "ಶುರು ಮಾಡು" ಅಂದರು. ಎಷ್ಟು ನಿಧಾನ ಶುರುಮಾಡಿದೆನೆಂದರೆ ಬೇಸಿನವರು ಮುಗುಳುನಕ್ಕರು. ಎರಡನೆಯ ತಂತಿಯ ಮೇಲೆ ಬೆರಳು ಎರಡು ಸಲ ಬಡಿಯುವ ಆ ಆರಂಭ ಸರಿಯಾಗಿ ಬಿತ್ತು. ತಕಿಟ ತಕಿಟ ತಕ. ಆಮೇಲೆ ಇ ಮೈನರ್ ಎಂಬ ಸ್ವರಗುಚ್ಛ ಬರುವ ಜಾಗ; ಅದಕ್ಕೂ ಇ ಮೇಜರಿಗೂ ಗಾಂಧಾರ ಒಂದರದೇ ವ್ಯತ್ಯಾಸ. ನಾನು ಮೈನರ್ ಹಿಡಿದೆ, ಪಕ್ಕದ ಗಿಟಾರಿನಿಂದ ಇ ಮೇಜರ್ ಬಂತು. ಕಿವಿಗೆ ಕಲ್ಲು ಸಿಕ್ಕಂತಾಯಿತು. ತಪ್ಪು ನನ್ನದೇ ಅಂದುಕೊಂಡು ಕೈ ನಿಲ್ಲಿಸಿಬಿಟ್ಟೆ. ಉಳಿದ ಹತ್ತೂ ಜನ ನಿಲ್ಲಿಸಲಿಲ್ಲ, ಮ್ಯಾಂಡೊಲಿನ್ ನನ್ನ ಸರದಿಯನ್ನು ಎತ್ತಿಕೊಂಡು ಹೊರಟುಹೋಯಿತು.

ಹಾಡು ಮುಗಿದ ಮೇಲೆ ಗಿಟಾರಿನ ಅಜ್ಜ ನನ್ನ ಕಡೆ ಬಾಗಿ, "1949ರ ರೆಕಾರ್ಡನ್ನು ಸರಿಯಾಗಿ ಕೇಳಿಲ್ಲ ನೀನು" ಅಂದರು. "ಅರ್ಲ್ ಅಲ್ಲಿ ಮೈನರ್ ನುಡಿಸುತ್ತಾನೆ. ಲೆಸ್ಟರ್ ಮೇಜರ್ ಬಾರಿಸುತ್ತಾನೆ."

ರಾತ್ರಿ ಮನೆಗೆ ಬರುವಾಗ ಕಾರಿನಲ್ಲಿ ಅದನ್ನೇ ಹಾಕಿ ಕೇಳಿದೆ. ಹೌದು. ನೂರಾರು ಸಲ ಕೇಳಿದ್ದರೂ ಬ್ಯಾಂಜೊ ಬಿಟ್ಟು ಬೇರೆ ಕಡೆ ಕಿವಿ ಹೋಗಿರಲೇ ಇಲ್ಲ. ಪ್ರತಿ ಸುತ್ತಿನಲ್ಲೂ ಆ ಜಾಗ ಬರುತ್ತದೆ, ಪ್ರತಿ ಸುತ್ತಿನಲ್ಲೂ ಒಬ್ಬ ಮೈನರ್, ಒಬ್ಬ ಮೇಜರ್, ಇಬ್ಬರೂ ಬಿಟ್ಟುಕೊಡುವುದಿಲ್ಲ, ಲಯ ಮಾತ್ರ ಕೂದಲೆಳೆಯಷ್ಟೂ ಹಂದುವುದಿಲ್ಲ. ಡ್ರೈವ್‌ವೇಯಲ್ಲಿ ಕಾರು ನಿಲ್ಲಿಸಿ ಇನ್ನೆರಡು ಸಲ ಹಾಕಿದೆ. ಮೂರನೆಯ ಸಲಕ್ಕೆ ಹೆಂಡತಿ ವರಾಂಡದ ದೀಪ ಹಾಕಿದಳು.